ಸಮುದ್ರದ ನೀರಿಗೆ ಎಷ್ಟು ಸಿಲ್ವರ್ ನೈಟ್ರೇಟ್ ಬೇಕು? ಕೆಮಿಸ್ಟ್ರಿ ಮಕ್ಕಳ ಪ್ಲಾನಿಂಗು, ಡಾಟಾ ಲೆಕ್ಕ ಅಳೆಯೋದು ಹೆಂಗೆ

ನಮ್ಮ ಕಡೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಅಂದ್ರೆ ಎಂತ ಅಂತ ನಿಮಗೂ ಗೊತ್ತು ನನಗೂ ಗೊತ್ತು. ಪರ್ಮಾಂಗನೇಟ್ ಬ್ಯುರೆಟ್‌ಗೆ (ಅಳತೆ ಗೆರೆ ಹಾಕಿದ, ಕೆಳಗೆ ಪುಟ್ಟ ನಲ್ಲಿ ಇರೋ ಗಾಜಿನ ಕೊಳವೆ), ಮೊಹರ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಫ್ಲಾಸ್ಕ್‌ಗೆ, ತಿಳಿ ಗುಲಾಬಿ ಬಂತಾ ನಿಲ್ಸು, ರೆಕಾರ್ಡಲ್ಲಿ ಬರಿ, ಸಹಿ ಹಾಕಿಸ್ಕೋ. ಪಕ್ಕದ ಬೆಂಚಿನವ್ನಿಗೆ ಎಷ್ಟು ಬಂತು ಅಂತ ಕೇಳಿ ಒಂದು ಪಾಯಿಂಟ್ ಆಚೆ ಈಚೆ ಮಾಡಿ ಬರೆದ್ರೂ ನಡೀತದೆ. ನಾನೂ ಹಂಗೇ ಪಾಸಾದವ್ನು, ಆಮೇಲೆ ಹಂಗೇ ಎಷ್ಟೋ ವರ್ಷ ಪಾಸ್ ಮಾಡ್ಸಿದವ್ನು, ಹಾಗಾಗಿ ಇಲ್ಲಿ ಯಾರಿಗೂ ಬುದ್ಧಿ ಹೇಳೋಕೆ ಬಂದಿಲ್ಲ.

ತಲೆಗೆ ಹುಳ ಬಿಟ್ಟಿದ್ದು ಅಕ್ಕನ ಮಗಳು. ಅವಳು ಮಸ್ಕತ್‌ನಲ್ಲಿ ಕೇಂಬ್ರಿಜ್ ಎ ಲೆವೆಲ್ ಓದ್ತಾ ಇದ್ಲು. ಒಂದಿನ ರಾತ್ರಿ ಫೋನ್ ಮಾಡಿ "ಮಾವ, ಲ್ಯಾಬ್ ಇಲ್ದೇ ಪ್ರಾಕ್ಟಿಕಲ್ ಎಕ್ಸಾಮ್ ಬರಿಯೂದು ಹೆಂಗೆ?" ಅಂದ್ಲು. ಎಂತ ಹೇಳ್ತಾಳೆ ಇವ್ಳು ಅಂತ ಪೇಪರ್ ಕಳ್ಸು ಅಂದೆ. ನೋಡಿದ್ರೆ ಹೌದು, 9701 ಅನ್ನೋ ಕೋಡಿನ ಕೆಮಿಸ್ಟ್ರಿ ಸಿಲೆಬಸ್‌ನಲ್ಲಿ ಪೇಪರ್ 5 ಅಂತ ಒಂದಿದೆ, ಒಂದೂಕಾಲು ಗಂಟೆ, 30 ಮಾರ್ಕು, ಪೂರ್ತಿ ಎ ಲೆವೆಲ್‌ನ ನೂರಕ್ಕೆ 11.5 ಪಾಲು. ಬ್ಯುರೆಟ್ ಹಿಡಿಯೋ ಎಕ್ಸಾಮ್ ಬೇರೆ ಇದೆ, ಅದು ಪೇಪರ್ 3. ಇದ್ರಲ್ಲಿ ಬರೀ ಪೆನ್ನು, ಪೇಪರು, ಕ್ಯಾಲ್ಕುಲೇಟರು. ಅರ್ಧ ಮಾರ್ಕು ಪ್ರಯೋಗ ಪ್ಲಾನ್ ಮಾಡೋದಕ್ಕೆ, ಇನ್ನರ್ಧ ಕೊಟ್ಟ ರೀಡಿಂಗ್ ಇಟ್ಕೊಂಡು ಗ್ರಾಫ್ ಹಾಕಿ, ಲೆಕ್ಕ ಮಾಡಿ, ಇದ್ರಲ್ಲಿ ಯಾವ್ದು ನಂಬೋದು ಯಾವ್ದು ಬಿಡೋದು ಅಂತ ಹೇಳೋದಕ್ಕೆ.

ನಮ್ಮ ಪಿಯುಸಿಲೂ ಪ್ರಾಕ್ಟಿಕಲ್‌ಗೆ 30 ಮಾರ್ಕೇ. ಸಿಬಿಎಸ್‌ಇಲೂ 30, ಅದ್ರಲ್ಲಿ ಟೈಟ್ರೇಶನ್‌ಗೆ (ಗೊತ್ತಿರೋ ದ್ರಾವಣ ಹನಿ ಹನಿ ಬಿಟ್ಟು ಗೊತ್ತಿಲ್ಲದ್ದು ಎಷ್ಟಿದೆ ಅಂತ ಅಳೆಯೋದು) 8, ಕೊಟ್ಟ ಸಾಲ್ಟ್ ಯಾವ್ದು ಅಂತ ಹೇಳೋಕೆ 8, ಪಾಠದ ಪ್ರಯೋಗಕ್ಕೆ 6, ಪ್ರಾಜೆಕ್ಟ್‌ಗೆ 4, ರೆಕಾರ್ಡ್ ಮತ್ತೆ ವೈವಾಗೆ 4. ಆದ್ರೆ "ಈ ಪ್ರಯೋಗನ ನೀನೇ ಯೋಚನೆ ಮಾಡಿ ಬರಿ ನೋಡಣ" ಅಂತ ಕೂರಿಸೋ ಜಾಗ ನಮ್ಮಲ್ಲಿ ಕಮ್ಮಿ, ಇದ್ರೆ ಆ 4 ಮಾರ್ಕಿನ ಪ್ರಾಜೆಕ್ಟ್‌ನಲ್ಲಿ ಇರ್ಬೇಕು, ಅದೂ ಜೆರಾಕ್ಸ್ ಅಂಗಡಿಲಿ ರೆಡಿ ಸಿಗ್ತದೆ. ಹಾಗಾಗಿ ಆ ಪೇಪರ್‌ನ ಐಡಿಯಾ ಮಾತ್ರ ತಗೊಂಡು, ಪ್ರಶ್ನೆ ಎಲ್ಲ ನಮ್ಮ ಊರಿನ ಬಾವಿ ನೀರು, ಕಾಳಿ ನದಿ, ಮುರುಗಲು (ಕೋಕಂ) ಇವುಗಳ ಮೇಲೆ ಮಾಡಿ ಒಂದಷ್ಟು ವರ್ಷದಿಂದ ಮಕ್ಕಳಿಗೆ ಕೊಡ್ತಾ ಬಂದಿದ್ದೀನಿ. ಹೆಂಗೆ ಮಾಡೋದು, ಎಲ್ಲಿ ಎಡವಿದ್ದೆ ಅಂತ ಕೆಳಗೆ ಬರೆದಿದ್ದೀನಿ. ಲೆಕ್ಚರರ್‌ಗಳು, ಟ್ಯೂಶನ್ ಮಾಡೋರು ಯಾರು ಬೇಕಾದ್ರೂ ಉಪಯೋಗಿಸ್ಕೊಳ್ಳಿ. ಮಕ್ಕಳು ಓದಿದ್ರೂ ತೊಂದ್ರೆ ಇಲ್ಲ, ಕದ್ದು ಓದೋಕೆ ಇದ್ರಲ್ಲಿ ಉತ್ತರ ಎಂತದೂ ಇಲ್ಲ.

ಹಂತ 1: ನಿಮಗೇ ಉತ್ತರ ಗೊತ್ತಿಲ್ಲದ ಪ್ರಶ್ನೆ ತಗೊಳ್ಳಿ

ಇದು ತುಂಬಾ ಮುಖ್ಯ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿರೋ ಪ್ರಶ್ನೆ ಕೊಟ್ರೆ ಪ್ಲಾನಿಂಗ್ ಅಲ್ಲ, ಬಾಯಿಪಾಠ ಬರ್ತದೆ. ನಮ್ಮ ಕಡೆ ಪ್ರಶ್ನೆಗೆ ಬರ ಎಲ್ಲಿದೆ? ಕುಮಟಾ, ಅಂಕೋಲಾ, ಕಾರವಾರ ಕಡೆ ಸಮುದ್ರದ ಹತ್ರ ಇರೋ ಮನೆಯವ್ರಿಗೆ ಏಪ್ರಿಲ್ ಮೇ ಬಂತು ಅಂದ್ರೆ ಬಾವಿ ನೀರು ಸವಳಾಗೋದು ಗೊತ್ತಿರೋದೇ. ಗಜನಿ (ಉಪ್ಪು ನೀರು ನುಗ್ಗೋ ಗದ್ದೆ) ಪಕ್ಕದ ಬಾವಿ ಆದ್ರಂತೂ ಕೇಳೋದೇ ಬೇಡ.

ಮೊದಲ್ನೇ ಸಲ ನಾನು ಕೊಟ್ಟ ಪ್ರಶ್ನೆ "ಬಾವಿ ನೀರಿನ ಕ್ಲೋರೈಡ್ ಕಂಡುಹಿಡಿಯಲು ಪ್ರಯೋಗ ಯೋಜಿಸಿ" ಅಂತ (ಕ್ಲೋರೈಡ್ ಅಂದ್ರೆ ನೀರಲ್ಲಿ ಕರಗಿದ ಉಪ್ಪಿನ ಒಂದು ಭಾಗ). ಅದು ತಪ್ಪು ಪ್ರಶ್ನೆ, ಯಾಕಂದ್ರೆ ಅದ್ರಲ್ಲಿ ಬದಲಾಗೋದು ಎಂತದೂ ಇಲ್ಲ, ಹಾಗಾಗಿ ಮಕ್ಕಳು ಯೋಚನೆ ಮಾಡೋಕೂ ಎಂತದೂ ಇಲ್ಲ. ಮುಂದಿನ ವರ್ಷ ಹಿಂಗೆ ತಿದ್ದಿದೆ: ಸಮುದ್ರದಿಂದ ದೂರ ಹೋದ ಹಾಗೆ ಬಾವಿ ನೀರಲ್ಲಿ ಕ್ಲೋರೈಡ್ ಕಮ್ಮಿ ಆಗ್ತದಾ? ಈಗ ಮಕ್ಕಳು ಹೇಳ್ಬೇಕು, ನಾವು ಬದಲಾಯಿಸೋದು ಯಾವ್ದು (ದೂರ), ಅಳೆಯೋದು ಯಾವ್ದು (ಕ್ಲೋರೈಡ್), ಬದಲಾಗದೇ ಇರೋ ಹಾಗೆ ನೋಡ್ಕೋಬೇಕಾದ್ದು ಯಾವ್ದು.

ಮೂರನೇದ್ರಲ್ಲೇ ಎಲ್ಲರೂ ಸಿಕ್ಕಿ ಬೀಳೋದು. "ಟೆಂಪರೇಚರ್ ಕಾನ್‌ಸ್ಟಂಟ್ ಇಡಬೇಕು" ಅಂತ ಕಣ್ಣು ಮುಚ್ಚಿ ಬರೀತಾರೆ, ಕೇಳಿದ್ರೆ ಎಂತಕ್ಕೆ ಅಂತ ಗೊತ್ತಿಲ್ಲ. ಇಲ್ಲಿ ಟೆಂಪರೇಚರ್ ಅಂತ ದೊಡ್ಡ ವಿಷಯ ಅಲ್ಲ. ನೀರು ತೆಗೆದ ದಿನ ದೊಡ್ಡ ವಿಷಯ, ಮೇ ತಿಂಗಳ ಬಾವಿಗೂ ಜುಲೈ ತಿಂಗಳ ಬಾವಿಗೂ ಹೋಲಿಕೆ ಮಾಡಿದ್ರೆ ಅದು ದೂರದ ಲೆಕ್ಕ ಅಲ್ಲ, ಮಳೆ ಲೆಕ್ಕ ಆಗ್ತದೆ. ನೀರು ಮೇಲಿಂದ ತೆಗೆದ್ರಾ, ಕೊಡಪಾನ ತಳ ಮುಟ್ಟಿಸಿ ತೆಗೆದ್ರಾ ಅನ್ನೋದೂ ಬೇಕು. ನಾನು ಮಾರ್ಕ್ ಕೊಡೋದು "ಎಲ್ಲಾ ಬಾವಿಯಿಂದ ಒಂದೇ ದಿನ ಬೆಳಿಗ್ಗೆ, ನೀರಿನ ಮಟ್ಟದಿಂದ ಒಂದು ಮೊಳ ಕೆಳಗಿಂದ" ಅಂತ ಬರೆದವ್ರಿಗೆ. ಕಂಟ್ರೋಲ್ ಮಾಡ್ತೀನಿ ಅಂದ್ರೆ ಸಾಲದು, ಹೆಂಗೆ ಮಾಡ್ತೀ ಅಂತ ಬೇಕು.

ಇನ್ನೊಂದು, ಪ್ರಯೋಗ ಮಾಡೋಕೆ ಮುಂಚೆ ಗ್ರಾಫ್ ಹೆಂಗೆ ಬರಬಹುದು ಅಂತ ಕೈಯಲ್ಲಿ ಒಂದು ಗೆರೆ ಎಳೆಸಿ, ಪಕ್ಕದಲ್ಲಿ ಕಾರಣ ಬರೆಸಿ. ಊಹೆ ಆಮೇಲೆ ತಪ್ಪಾದ್ರೆ ಮಾರ್ಕ್ ಕಟ್ ಮಾಡ್ಬೇಡಿ, ಕಾರಣ ಇಲ್ಲದಿದ್ರೆ ಮಾತ್ರ ಮಾಡಿ.

ಹಂತ 2: ಪ್ಲಾನ್‌ನಲ್ಲಿ ನಂಬರ್ ಇರ್ಲೇಬೇಕು

ಈ ಹಂತಕ್ಕೆ ಜಾಸ್ತಿ ಜಾಗ ಕೊಡ್ತೀನಿ, ಯಾಕಂದ್ರೆ ನನ್ನ ಪ್ರಕಾರ ಮಕ್ಕಳ ಬಂಡವಾಳ ಗೊತ್ತಾಗೋದು ಇಲ್ಲೇ.

ಒಂದ್ಸಲ ಕಾರವಾರ ಕಡೆ ಹುಡುಗ ಒಬ್ಬ, ಕೋಡಿಬಾಗದ ಹತ್ರ ಕಾಳಿ ನದಿ ಸಮುದ್ರ ಸೇರೋ ಜಾಗದಿಂದ ಬಿಸ್ಲೆರಿ ಬಾಟ್ಲಿಯಲ್ಲಿ ನೀರು ತುಂಬ್ಕೊಂಡು ಬಂದಿದ್ದ. ಭಾರಿ ಉಮೇದು. ಪ್ಲಾನ್ ಏನಪ್ಪಾ ಅಂದ್ರೆ, 50 ಎಂಎಲ್ ನೀರು ತಗೊಂಡು ಪೊಟ್ಯಾಸಿಯಂ ಕ್ರೋಮೇಟ್ ಹಾಕಿ 0.02 ಮೋಲಾರ್ (ಲೀಟರಿಗೆ 0.02 ಮೋಲ್, ಮೋಲ್ ಅಂದ್ರೆ ಕಣಗಳನ್ನ ಎಣಿಸೋ ಅಳತೆ) ಸಿಲ್ವರ್ ನೈಟ್ರೇಟ್‌ನಿಂದ ಟೈಟ್ರೇಟ್ ಮಾಡೋದು. ಮೆಥಡ್ ಸರಿನೇ ಇದೆ, ಮೊಹರ್ ಮೆಥಡ್ ಅಂತಾರೆ ಅದಕ್ಕೆ (ಮೊಹರ್ ಸಾಲ್ಟಿನ ಮೊಹರೇ, ಜರ್ಮನಿಯ ಕಾರ್ಲ್ ಫ್ರೀಡ್ರಿಶ್ ಮೊಹರ್, ಒಬ್ಬನೇ ಮನುಷ್ಯ ಎರಡು ಕಡೆ ನಮ್ಮ ಮಕ್ಕಳನ್ನ ಕಾಡ್ತಾನೆ). ಹಳದಿ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗಿದ್ರೆ ಮುಗೀತು. ಹುಡುಗ ಶುರು ಮಾಡ್ದ. ಬಿಳಿ ಮೊಸರು ಮೊಸರು ಬರ್ತಾ ಇದೆ, ಕೆಂಪು ಬರ್ಲಿಲ್ಲ. ಒಂದು ಬ್ಯುರೆಟ್ ಖಾಲಿ, ಇನ್ನೊಂದು ತುಂಬಿದ, ಅದೂ ಖಾಲಿ, ಮೂರನೇದು ತುಂಬೋಕೆ ಬಾಟ್ಲಿಯಲ್ಲಿ ಮಾಲೇ ಇಲ್ಲ. ನಾನು ಬೇರೆ ಬ್ಯಾಚ್ ಕಡೆ ಇದ್ದೆ, ತಿರುಗಿ ನೋಡೋಷ್ಟರಲ್ಲಿ ಇಡೀ ಟರ್ಮಿಗೆ ಇಟ್ಕೊಂಡಿದ್ದ ಸಿಲ್ವರ್ ನೈಟ್ರೇಟ್ ಸ್ವಾಹಾ. ಅದು ಬೆಳ್ಳಿ ಸ್ವಾಮಿ, ಅಕ್ಕಸಾಲಿ ಶೇಟರ ಅಂಗಡಿ ಮೆಟ್ಲು ಹತ್ತಿದ ಹಾಗೆ ರೇಟು. ಅಟೆಂಡರ್ ನನ್ನ ಮುಖ ನೋಡಿದ್ದು ಈಗ್ಲೂ ನೆನಪಿದೆ.

ಒಂದು ಐದು ನಿಮಿಷ ಕೂತು ಲೆಕ್ಕ ಮಾಡಿದ್ರೆ ಸಾಕಿತ್ತು. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇರ್ತದೆ. ನದಿ ಬಾಯಲ್ಲಿ ಬೇಸಿಗೆ ಉಬ್ಬರದ ಹೊತ್ತಲ್ಲಿ ತೆಗೆದ್ರೆ ಅದಕ್ಕೆ ಹತ್ರ ಹತ್ರ ಅಂತ ಇಟ್ಕೊಳ್ಳಿ. 50 ಎಂಎಲ್‌ನಲ್ಲಿ 0.95 ಗ್ರಾಂ. ಅದನ್ನ ಕ್ಲೋರೈಡ್‌ನ ಒಂದು ಮೋಲ್ ತೂಕ 35.45ರಿಂದ ಭಾಗ್ಸಿದ್ರೆ 0.0268 ಮೋಲ್. ಅದನ್ನ 0.02ರಿಂದ ಭಾಗ್ಸಿದ್ರೆ 1.34 ಲೀಟರ್ ಸಿಲ್ವರ್ ನೈಟ್ರೇಟ್ ಬೇಕು, ಅಂದ್ರೆ 50 ಎಂಎಲ್ ಬ್ಯುರೆಟ್ಟು 27 ಸಲ ತುಂಬ್ಬೇಕು. ಅದೇ ನೀರನ್ನ ನೂರು ಪಟ್ಟು ತೆಳು ಮಾಡ್ಕೊಂಡ್ರೆ? 13.4 ಎಂಎಲ್. ಒಂದೇ ಬ್ಯುರೆಟ್‌ನಲ್ಲಿ ಮೂರು ಸಲ ಮಾಡ್ಬಹುದು.

ಆವತ್ತಿಂದ ಇದೇ ನನ್ನ ಪರ್ಮನೆಂಟ್ ಪ್ರಶ್ನೆ ಆಗ್ಬಿಟ್ಟಿದೆ: "ಸಮುದ್ರದ ನೀರನ್ನ ಎಷ್ಟು ಪಟ್ಟು ತೆಳು ಮಾಡ್ತೀ, ಯಾವ ಪಾತ್ರೆಯಲ್ಲಿ ಮಾಡ್ತೀ, ಯಾಕೆ?" 25 ಎಂಎಲ್ ಪಿಪೆಟ್‌ನಿಂದ ತೆಗೆದು 250 ಎಂಎಲ್ ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗೆ ಹಾಕಿ ಗೆರೆವರೆಗೆ ತುಂಬೋದು, ಅದ್ರಿಂದ ಮತ್ತೆ 25 ತೆಗೆದು ಇನ್ನೊಂದು 250ಕ್ಕೆ, ಹತ್ತು ಹತ್ತಲೇ ನೂರು. ಹಿಂಗೆ ಬರೆದವ್ನಿಗೆ ಫುಲ್ ಮಾರ್ಕು. "ಬೀಕರ್‌ನಲ್ಲಿ ನೀರು ಸೇರಿಸಬೇಕು" ಅಂತ ಬರೆದವ್ನಿಗೆ ಸೊನ್ನೆ, ಎಷ್ಟು ಅಂತ ಬೀಕರಿಗೂ ಗೊತ್ತಿಲ್ಲ ಅವ್ನಿಗೂ ಗೊತ್ತಿಲ್ಲ.

ಸಿಲ್ವರ್ ನೈಟ್ರೇಟ್ ದ್ರಾವಣ ಮಾಡೋದನ್ನೂ ಪ್ಲಾನ್‌ನಲ್ಲೇ ಬರೆಸಿ. 250 ಎಂಎಲ್‌ಗೆ 0.02 ಮೋಲಾರ್ ಬೇಕಂದ್ರೆ 0.005 ಮೋಲ್, ಸಿಲ್ವರ್ ನೈಟ್ರೇಟ್‌ನ ಒಂದು ಮೋಲ್ ತೂಕ 170ರಿಂದ ಗುಣಿಸಿದ್ರೆ 0.85 ಗ್ರಾಂ. ತೂಕ ಮಾಡು, ಬೀಕರ್‌ನಲ್ಲಿ ಸ್ವಲ್ಪ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸು, ಫನೆಲ್ ಇಟ್ಟು ಫ್ಲಾಸ್ಕ್‌ಗೆ ಹಾಕು, ಬೀಕರನ್ನೂ ಫನೆಲ್ಲನ್ನೂ ತೊಳೆದ ನೀರೂ ಅದಕ್ಕೇ ಹೋಗ್ಲಿ, ಗೆರೆ ಹತ್ರ ಬಂದಾಗ ಡ್ರಾಪರ್ ತಗೋ, ಮುಚ್ಚಳ ಹಾಕಿ ತಲೆಕೆಳಗೆ ಮಾಡಿ ಅಲ್ಲಾಡ್ಸು. ಇದ್ರಲ್ಲಿ ತೊಳೆದ ನೀರು ಸೇರ್ಸೋದು ಮತ್ತೆ ಕೊನೇಲಿ ಅಲ್ಲಾಡ್ಸೋದು ಎರಡನ್ನೂ ನೂರಕ್ಕೆ ನೂರು ಮರೀತಾರೆ. ನಲ್ಲಿ ನೀರು ಹಾಕಿದ್ರೆ? ಅಲ್ಲೇ ಬೆಳ್ಳಗೆ ಆಗ್ತದೆ, ಯಾಕಂದ್ರೆ ಕ್ಲೋರೈಡ್ ನಲ್ಲಿ ನೀರಲ್ಲೂ ಇದೆ. ಈ ಪಾಯಿಂಟ್ ತಾವಾಗೇ ಬರೆದ ಮಕ್ಕಳಿಗೆ ನಾನು ಒಂದು ಮಾರ್ಕ್ ಜಾಸ್ತಿನೇ ಹಾಕ್ತೀನಿ.

ಮೊಹರ್ ಮೆಥಡ್‌ಗೆ ಪಿಎಚ್ (ಹುಳಿ, ಕ್ಷಾರದ ಅಳತೆ) 7ರಿಂದ 10ರ ಒಳಗೆ ಇರ್ಬೇಕು. ಹುಳಿ ಜಾಸ್ತಿ ಆದ್ರೆ ಕ್ರೋಮೇಟ್ ಹೋಗಿ ಡೈಕ್ರೋಮೇಟ್ ಆಗ್ತದೆ, ಕ್ಷಾರ ಜಾಸ್ತಿ ಆದ್ರೆ ಸಿಲ್ವರ್ ಆಕ್ಸೈಡ್ ಕಂದು ಬಣ್ಣದಲ್ಲಿ ಕೂರ್ತದೆ, ಎರಡರಲ್ಲೂ ಎಂಡ್ ಪಾಯಿಂಟ್ (ಬಣ್ಣ ತಿರುಗಿ ನಿಲ್ಲಿಸೋ ಹೊತ್ತು) ಹಾಳು. ಒಂದು ಪಿಎಚ್ ಪೇಪರ್ ತುಂಡು ಸಾಕು, ಆದ್ರೆ ಅದು ಪ್ಲಾನ್‌ನಲ್ಲಿ ಬರೆದಿರ್ಬೇಕು. ಮತ್ತೆ ಬ್ಲಾಂಕ್. ಬಾವಿ ನೀರಿನ ಬದಲು ಡಿಸ್ಟಿಲ್ಡ್ ವಾಟರ್ ಹಾಕಿ ಅದೇ ಟೈಟ್ರೇಶನ್ ಮಾಡಿ, ಬರೀ ಬಣ್ಣ ಕಾಣೋಕೆ ಎಷ್ಟು ಸಿಲ್ವರ್ ನೈಟ್ರೇಟ್ ಖರ್ಚಾಗ್ತದೆ ಅಂತ ನೋಡಿ ಕಳೀಬೇಕು.

ಸೇಫ್ಟಿ ಬಗ್ಗೆ ಒಂದೇ ಮಾತು. "ಲ್ಯಾಬ್ ಕೋಟ್, ಗಾಗಲ್ಸ್ ಹಾಕಬೇಕು" ಅನ್ನೋದಕ್ಕೆ ನಾನು ಮಾರ್ಕ್ ಕೊಡೋದು ಬಿಟ್ಟು ಸುಮಾರು ವರ್ಷ ಆಯ್ತು. ಯಾವ ಕೆಮಿಕಲ್, ಅದ್ರಿಂದ ಎಂತ ಆಗ್ತದೆ, ಅದಕ್ಕೆ ಎಂತ ಮಾಡ್ತೀ, ಮೂರೂ ಒಟ್ಟಿಗೆ ಬೇಕು. ಕ್ರೋಮೇಟ್ ವಿಷ, ಕ್ಯಾನ್ಸರ್ ತರೋ ಗುಂಪಿನದ್ದು, ಸಿಂಕ್‌ಗೆ ಚೆಲ್ಲೋ ಹಾಗಿಲ್ಲ, ಬೇರೆ ಡಬ್ಬಿಗೆ ಹಾಕ್ಬೇಕು. ಸಿಲ್ವರ್ ನೈಟ್ರೇಟ್ ಕೈಗೆ ತಾಗಿದ್ರೆ ಮರುದಿನ ಬೆರಳು ಕಪ್ಪು, ಎಷ್ಟು ಉಜ್ಜಿದ್ರೂ ಹೋಗಲ್ಲ, ಚರ್ಮ ಬಿಟ್ಟೇ ಹೋಗ್ಬೇಕು. ಪ್ರಾಕ್ಟಿಕಲ್ ಮರುದಿನ ಯಾರು ಗ್ಲೋವ್ಸ್ ಹಾಕಿಲ್ಲ ಅಂತ ಕೈ ನೋಡಿದ್ರೆ ಸಾಕು, ಗೊತ್ತಾಗ್ತದೆ.

ಹಂತ 3: ಪ್ಲಾನ್ ಅದಲು ಬದಲು ಮಾಡಿ

ನಾನು ಮಾಡಿದ್ರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ, ಇದಕ್ಕೆ ಖರ್ಚೂ ಇಲ್ಲ. ಎ ಬರೆದ ಪ್ಲಾನನ್ನ ಬಿ ಕೈಗೆ ಕೊಡಿ. ಎ ಬಾಯಿ ಬಿಡೋ ಹಾಗಿಲ್ಲ. ಬಿ ಅದ್ರಲ್ಲಿ ಬರೆದಷ್ಟೇ ಮಾಡ್ಬೇಕು, ತನ್ನ ತಲೆ ಓಡ್ಸೋ ಹಾಗಿಲ್ಲ. ಸಿಲ್ವರ್ ನೈಟ್ರೇಟ್ ಉಳಿಸ್ಬೇಕಾದ್ರೆ ಖಾಲಿ ನೀರು ಇಟ್ಕೊಂಡು ಆ್ಯಕ್ಟಿಂಗ್ ಮಾಡಿದ್ರೂ ಸಾಕು. ಬಿ ಎಲ್ಲಿ ನಿಂತು "ಇದು ಎಷ್ಟು ಹಾಕೂದು?" ಅಂತ ಕೇಳ್ತಾನೋ ಅಲ್ಲಿ ಕೆಂಪು ಪೆನ್ನಲ್ಲಿ ಒಂದು ಗುರುತು ಹಾಕಿ. ಒಂದು ಗುರುತಿಗೆ ಒಂದು ಮಾರ್ಕು ಹೋಯ್ತು.

ಮೊದಲ ಸಲ ಮಾಡ್ಸಿದಾಗ ಕ್ಲಾಸಿಗೆ ಫಸ್ಟ್ ಬರೋ ಹುಡುಗಿ ಪ್ಲಾನ್‌ಗೆ ಹನ್ನೊಂದು ಗುರುತು ಬಿತ್ತು. ಅವ್ಳಿಗೆ ಎಲ್ಲಾ ಗೊತ್ತಿತ್ತು, ಗೊತ್ತಿತ್ತು ಅಂತಲೇ ಬರ್ದಿರ್ಲಿಲ್ಲ. ಲಾಸ್ಟ್ ಬೆಂಚಿನ ಹುಡುಗ ಒಬ್ಬ ಅಪ್ಪನ ಜೊತೆ ಅಡುಗೆ ಕೆಲ್ಸಕ್ಕೆ ಹೋಗಿ ಬರೋವ್ನು, ಐನೂರು ಜನಕ್ಕೆ ಸಾರಿಗೆ ಎಷ್ಟು ಹುಳಿ ಎಷ್ಟು ಬೆಲ್ಲ ಅಂತ ಚೀಟಿ ಬರೆದು ಗೊತ್ತಿರೋವ್ನು, ಅವನ ಪ್ಲಾನ್‌ಗೆ ಬಿದ್ದಿದ್ದು ಎರಡೇ ಗುರುತು.

ಹಂತ 4: ಟೇಬಲ್ಲು

ಬೇಗ ಮುಗಿಸ್ತೀನಿ. ಹೆಡಿಂಗ್‌ನಲ್ಲಿ ಯೂನಿಟ್ ಇರ್ಬೇಕು, ಒಳಗಡೆ ಬರೀ ನಂಬರ್. ಬ್ಯುರೆಟ್ ರೀಡಿಂಗ್ ಎರಡು ದಶಾಂಶಕ್ಕೆ, ಕೊನೆಯ ಅಂಕಿ 0 ಅಥವಾ 5. 14.3 ಅಂತ ಬರೆದ್ರೆ ತಪ್ಪು, 14.30. ಮೊದಲನೇ ರಫ್ ರೀಡಿಂಗ್ ಸರಾಸರಿಗೆ ಸೇರ್ಸೋ ಹಾಗಿಲ್ಲ. 0.10 ಎಂಎಲ್ ಒಳಗೆ ಹೊಂದೋ ರೀಡಿಂಗ್‌ಗಳನ್ನ ಮಾತ್ರ ತಗೋಬೇಕು: 14.25, 14.65, 14.35 ಬಂದ್ರೆ ಮಧ್ಯದ್ದು ಬಿಟ್ಟು ಸರಾಸರಿ 14.30. ಬಿಟ್ಟಿದ್ದನ್ನ ಅಳಿಸ್ಬಾರ್ದು, ಅದು ಟೇಬಲ್‌ನಲ್ಲೇ ಇರ್ಲಿ. ಮೂರಕ್ಕೆ ಮೂರೂ 14.30 ಅಂತ ಬರೆದ ಟೇಬಲ್ ನೋಡಿದ್ರೆ ನನಗೆ ಬರೋದು ಡೌಟೇ. ಆ ಡೌಟನ್ನ ಮಕ್ಕಳಿಗೆ ಮೊದ್ಲೇ ಹೇಳಿಡಿ, 14.25ನ್ನ 14.30 ಮಾಡೋ ಚಟ ಅರ್ಧಕ್ಕರ್ಧ ಕಮ್ಮಿ ಆಗ್ತದೆ.

ಬ್ಲಾಂಕ್ 0.20 ಬಂತು ಅಂತಿಟ್ಕೊಳ್ಳಿ. 14.30 ಕಳಿ 0.20, 14.10. 50 ಎಂಎಲ್ ಬಾವಿ ನೀರು, 0.0200 ಮೋಲಾರ್. ಲೆಕ್ಕ ಮಾಡಿದ್ರೆ ಲೀಟರಿಗೆ 200 ಮಿಲಿಗ್ರಾಂ ಕ್ಲೋರೈಡ್. ಕುಡಿಯೋ ನೀರಿನ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 10500 ಪ್ರಕಾರ 250 ಇದ್ರೆ ಓಕೆ, ಬೇರೆ ನೀರೇ ಸಿಗದಿದ್ರೆ 1000ವರೆಗೆ. ಅಂದ್ರೆ ಕ್ಲೋರೈಡ್ ಮಟ್ಟಿಗೆ ಈ ಬಾವಿ ಅಡ್ಡಿಲ್ಲ.

ಹಂತ 5: ರೆಡಿ ಡಾಟಾ ಕೊಟ್ಟು ಕೂರ್ಸಿ

ಎರಡನೇ ಭಾಗಕ್ಕೆ ಲ್ಯಾಬೇ ಬೇಡ. ನೀವೇ ಒಂದು ಡಾಟಾ ಮಾಡಿ, ಅದ್ರಲ್ಲಿ ಒಂದು ರೀಡಿಂಗ್ ಬೇಕಂತಲೇ ಕೆಡಿಸಿ ಇಡಿ. ನಾನು ಉಪಯೋಗ್ಸೋದು ಸೋಡಿಯಂ ಥಯೋಸಲ್ಫೇಟ್ ಮತ್ತೆ ಹೈಡ್ರೋಕ್ಲೋರಿಕ್ ಆ್ಯಸಿಡ್, ಫ್ಲಾಸ್ಕ್ ಕೆಳಗೆ ಪೇಪರ್ ಮೇಲೆ ಬರೆದ ಕ್ರಾಸ್ ಗುರುತು ಗಂಧಕದಿಂದ ಮುಚ್ಚೋಗೋಕೆ ಎಷ್ಟು ಸೆಕೆಂಡ್ ಅನ್ನೋ ಪ್ರಯೋಗ. 30 ಡಿಗ್ರಿಗೆ 62 ಸೆಕೆಂಡ್, 35ಕ್ಕೆ 46, 40ಕ್ಕೆ 34, 45ಕ್ಕೆ 33, 50ಕ್ಕೆ 20.

(ಪುಸ್ತಕದಲ್ಲಿ ರೂಮ್ ಟೆಂಪರೇಚರ್ 25 ಅಂತ ಇರ್ತದೆ. ನಮ್ಮ ಕರಾವಳಿ ಲ್ಯಾಬ್‌ನಲ್ಲಿ ಏಪ್ರಿಲ್‌ನಲ್ಲಿ ಬಾಟ್ಲಿಯಲ್ಲಿರೋ ನೀರೇ 31. ಕೆಳಗಿನ ಪಾಯಿಂಟ್ ಬೇಕು ಅಂತ ಒಂದ್ಸಲ ಮಕ್ಕಳು ಬಂದರಿನ ಧಕ್ಕೆಯಿಂದ ಮೀನಿನ ಐಸ್ ತಂದಿದ್ರು, ಹೊರಗಡೆ ಟಬ್‌ನಲ್ಲಿ ಇಡೋಕೆ ಎಂತ ತೊಂದ್ರೆ ಇಲ್ಲ, ರೀಡಿಂಗ್ ಚೆನ್ನಾಗೇ ಬಂತು, ಆದ್ರೆ ಮೂರು ದಿನ ಲ್ಯಾಬ್‌ನಲ್ಲಿ ಬಂಗಡೆ ವಾಸನೆ. ಅಂದ ಹಾಗೆ ಈ ಪ್ರಯೋಗದಲ್ಲಿ ಸಲ್ಫರ್ ಡೈಆಕ್ಸೈಡ್ ಬರ್ತದೆ, ಉಬ್ಬಸ ಇರೋ ಮಕ್ಕಳನ್ನ ದೂರ ಕೂರ್ಸಿ, ಮಳೆಗಾಲ ಅಂತ ಕಿಟಕಿ ಮುಚ್ಬೇಡಿ.)

ಪ್ರತಿ ಸಲ ಮುಚ್ಚೋಕೆ ಬೇಕಾದ ಗಂಧಕ ಒಂದೇ ಅಳತೆ, ಹಾಗಾಗಿ ವೇಗ ಅಂದ್ರೆ 1ನ್ನ ಸಮಯದಿಂದ ಭಾಗ್ಸಿದ್ದು ಅಂತ ತಗೋಬಹುದು. ಅದ್ರ ನ್ಯಾಚುರಲ್ ಲಾಗ್ ನಿಂತ ಗೆರೆ ಮೇಲೆ, 1/ಟಿ (ಟಿ ಅಂದ್ರೆ ಟೆಂಪರೇಚರ್) ಮಲಗಿದ ಗೆರೆ ಮೇಲೆ. ಟಿ ಕೆಲ್ವಿನ್‌ನಲ್ಲಿ. ಸೆಲ್ಸಿಯಸ್‌ನಲ್ಲೇ ಭಾಗಾಕಾರ ಮಾಡಿ ಕೂತಿರೋವ್ರು ಪ್ರತಿ ಬ್ಯಾಚಲ್ಲೂ ನಾಲ್ಕು ಜನ ಸಿಗ್ತಾರೆ.

ಗ್ರಾಫ್ ಬಂತು. ನಾಲ್ಕು ಪಾಯಿಂಟ್ ಚಂದ ಸಾಲಲ್ಲಿ ನಿಂತಿವೆ, 45ರದ್ದು ಗೆರೆಯಿಂದ ಕೆಳಗೆ ಬಿದ್ದಿದೆ. ಈಗ ನೋಡಿ ಮಕ್ಕಳು ಎಂತ ಮಾಡ್ತಾರೆ ಅಂತ. ಕೆಲವರು ಆ ಪಾಯಿಂಟ್‌ನೂ ಮುಟ್ಟಿಸ್ಕೊಂಡು ಗೆರೆನ ಬಗ್ಗಿಸ್ತಾರೆ. ಕೆಲವರು ಕ್ಯಾಲ್ಕುಲೇಟರ್‌ನಲ್ಲಿ ಐದೂ ಹಾಕಿ ರಿಗ್ರೆಶನ್ (ಎಲ್ಲಾ ಪಾಯಿಂಟಿಗೂ ಹತ್ರ ಹೋಗೋ ಒಂದು ಗೆರೆ) ಹೊಡೀತಾರೆ, ಆಗ ಆ್ಯಕ್ಟಿವೇಶನ್ ಎನರ್ಜಿ (ಕ್ರಿಯೆ ನಡೆಯೋಕೆ ಬೇಕಾದ ಕನಿಷ್ಠ ಶಕ್ತಿ, ಈ ಗೆರೆಯ ಸ್ಲೋಪ್ ಅಂದ್ರೆ ಇಳಿಜಾರಿನಿಂದ ಸಿಗೋದು) ಸುಮಾರು 42 ಕಿಲೋಜೌಲ್ ಬರ್ತದೆ. ಆ ಒಂದು ಪಾಯಿಂಟಿಗೆ ವೃತ್ತ ಹಾಕಿ ಬಿಟ್ಟು ಗೆರೆ ಎಳೆದವ್ರಿಗೆ 46, 47 ಹತ್ರ. ಒಂದು ಕೆಟ್ಟ ರೀಡಿಂಗಿಗೆ ಉತ್ತರ ನಾಲ್ಕೈದು ಕಿಲೋಜೌಲ್ ಆಚೆ ಹೋಗ್ತದೆ ಅಂತ ಬೋರ್ಡ್ ಮೇಲೆ ಮಾಡಿ ತೋರ್ಸಿ, ಅಷ್ಟು ಸಾಕು.

ಸ್ಲೋಪ್ ತೆಗೆಯೋದು ಗೆರೆ ಮೇಲಿನ ಎರಡು ದೂರದ ಬಿಂದುಗಳಿಂದ, ಟೇಬಲ್‌ನಲ್ಲಿರೋ ರೀಡಿಂಗ್‌ನಿಂದ ಅಲ್ಲ. ನನ್ನ ಗೆರೆ 0.00310ಕ್ಕೆ ಮೈನಸ್ 3.00, 0.00330ಕ್ಕೆ ಮೈನಸ್ 4.13 ಇತ್ತು. ಸ್ಲೋಪ್ ಮೈನಸ್ 5650 ಕೆಲ್ವಿನ್. ಗ್ಯಾಸ್ ಕಾನ್‌ಸ್ಟಂಟ್ 8.314ರಿಂದ ಗುಣಿಸಿದ್ರೆ 47,000 ಜೌಲ್ ಹತ್ರ ಹತ್ರ, ಅಂದ್ರೆ ಮೋಲ್‌ಗೆ 47 ಕಿಲೋಜೌಲ್. ಮೈನಸ್ ಎಲ್ಲಿ ಹೋಯ್ತು ಅಂತ ಕೇಳಿ, ಸುಮ್ನೆ ಮಾಯ ಮಾಡಿದವ್ರಿಗೆ ಮಾರ್ಕ್ ಇಲ್ಲ.

ಈಗ ಅಸಲಿ ಪ್ರಶ್ನೆ. 45ರ ಪಾಯಿಂಟ್ ಯಾಕೆ ಕೆಟ್ಟಿತು? "ಹ್ಯೂಮನ್ ಎರರ್" ಅಂತ ಬರೀತಾರೆ. ನನ್ನ ಕ್ಲಾಸಲ್ಲಿ ಆ ಎರಡು ಶಬ್ದಕ್ಕೆ ಬ್ಯಾನ್ ಇದೆ. "ಸ್ಟಾಪ್‌ವಾಚ್ ಬೇಗ ನಿಲ್ಸಿದ್ದಾರೆ" ಅಂತ ಇನ್ನೊಬ್ಬ ಬರೀತಾನೆ, ಕೇಳೋಕೆ ಚೆನ್ನಾಗಿದೆ, ಆದ್ರೆ ಬೇಗ ನಿಲ್ಸಿದ್ರೆ ಸಮಯ ಕಮ್ಮಿ ಬರ್ಬೇಕಿತ್ತು, ಇಲ್ಲಿ ಜಾಸ್ತಿ ಬಂದಿದೆ, 26ರ ಹತ್ರ ಬರ್ಬೇಕಾದ್ದು 33. ಕಾರಣ ಹೇಳೋದಾದ್ರೆ ತಪ್ಪು ಯಾವ ದಿಕ್ಕಿಗೆ ಹೋಗಿದೆ ಅನ್ನೋದಕ್ಕೆ ಅದು ಹೊಂದ್ಬೇಕು. ಟೆಂಪರೇಚರ್ ನೋಡಿ ಆದ್ಮೇಲೆ ಆ್ಯಸಿಡ್ ಹಾಕೋಕೆ ತಡ ಮಾಡಿದ್ರು, ದ್ರಾವಣ ತಣ್ಣಗಾಯ್ತು, ಹಾಗಾಗಿ ನಿಧಾನ. ಇಲ್ಲಾಂದ್ರೆ ಥಯೋಸಲ್ಫೇಟ್ ಕಮ್ಮಿ ಬಿತ್ತು. ಇವು ಹೊಂದ್ತವೆ. ಒಂದೂಕಾಲು ಗಂಟೆ ಪೇಪರ್‌ನಲ್ಲಿ ಬುದ್ಧಿ ಇರೋವ್ರು ಯಾರು, ಬಾಯಿಪಾಠದವ್ರು ಯಾರು ಅಂತ ನನಗೆ ಗೊತ್ತಾಗೋದು ಈ ಒಂದು ಪ್ರಶ್ನೆಯಲ್ಲಿ. ಎರಡು ಮಾರ್ಕಿಟ್ಟಿದ್ದೀನಿ, ಐದಿಡ್ಬೇಕಿತ್ತು ಅನ್ನಿಸ್ತದೆ.

ಹಂತ 6: ಎಷ್ಟು ನಂಬೋದು

ಬ್ಯುರೆಟ್ ಒಂದು ರೀಡಿಂಗ್‌ಗೆ 0.05 ಆಚೆ ಈಚೆ, ಟೈಟರ್‌ಗೆ (ಖರ್ಚಾದ ದ್ರಾವಣದ ಅಳತೆ) ಶುರುವಿಂದು, ಕೊನೇದು ಅಂತ ಎರಡು ರೀಡಿಂಗ್, ಹಾಗಾಗಿ 0.10. 14.30ಕ್ಕೆ ಅದು ನೂರಕ್ಕೆ 0.7. ಅದೇ ಟೈಟರ್ 2 ಎಂಎಲ್ ಬಂದಿದ್ರೆ ನೂರಕ್ಕೆ 5. ಆಗ ಎಂತ ಮಾಡ್ತೀರಿ ಅಂತ ಕೇಳಿ. "ಇನ್ನೂ ಹುಷಾರಾಗಿ ಮಾಡ್ತೀವಿ" ಅಲ್ಲ, ಸಿಲ್ವರ್ ನೈಟ್ರೇಟ್ ತೆಳು ಮಾಡು ಅಥವಾ ಬಾವಿ ನೀರು ಜಾಸ್ತಿ ತಗೋ, ಟೈಟರ್ ದೊಡ್ಡದಾಗ್ತದೆ. 25 ಎಂಎಲ್ ಬಿ ಕ್ಲಾಸ್ ಪಿಪೆಟ್‌ಗೆ 0.06 ಆಚೆ ಈಚೆ, ನೂರಕ್ಕೆ 0.24. ಅಂದ್ರೆ ಇಲ್ಲಿ ಪಿಪೆಟ್ ಬದಲಾಯಿಸಿ ಉಪಯೋಗ ಇಲ್ಲ, ದೊಡ್ಡ ಪಾಲು ಬ್ಯುರೆಟ್‌ದು.

ಇದನ್ನ ಬರೀ ಫಾರ್ಮುಲಾ ಮಾಡ್ಬಿಟ್ರೆ ಮಕ್ಕಳಿಗೆ ಬೋರ್. ಹಿಂಗೆ ಕೇಳಿ: ಒಂದು ಬಾವಿ ಲೀಟರಿಗೆ 200 ಮಿಲಿಗ್ರಾಂ, ಪಕ್ಕದ್ದು 201. ಯಾವ ಬಾವಿ ಉಪ್ಪು? ಎಲ್ಲರೂ ಎರಡನೇದು ಅಂತಾರೆ. 1 ಮಿಲಿಗ್ರಾಂ ವ್ಯತ್ಯಾಸಕ್ಕೆ ಟೈಟರ್‌ನಲ್ಲಿ ಎಷ್ಟು ಅಂತ ಲೆಕ್ಕ ಹಾಕ್ಸಿ, 0.07 ಎಂಎಲ್, ಹೆಚ್ಚು ಕಮ್ಮಿ ಒಂದು ಹನಿ. ನಮ್ಮ ಅನುಮಾನವೇ 0.10 ಇರೋವಾಗ 0.07ನ್ನ ಹಿಡ್ಕೊಂಡು ಪಕ್ಕದ ಮನೆ ಬಾವಿನ ಉಪ್ಪು ಅನ್ನೋಕಾಗಲ್ಲ. "ಈ ವಿಧಾನದಲ್ಲಿ ವ್ಯತ್ಯಾಸ ಹೇಳೋಕಾಗಲ್ಲ" ಅಂತ ಬರೆಯೋಕೆ ಮಕ್ಕಳು ಹೆದರ್ತಾರೆ, ಉತ್ತರ ಗೊತ್ತಿಲ್ಲ ಅಂದ್ಕೋತಾರೆ ಅಂತ. ಅದಕ್ಕೇ ಪೂರ್ತಿ ಮಾರ್ಕ್ ಕೊಡಿ, ಒಂದೆರಡು ಸಲ ಕೊಟ್ರೆ ಧೈರ್ಯ ಬರ್ತದೆ.

ಹಂತ 7: ಮಾರ್ಕ್ ಹಾಕೋವಾಗ

ನಾನು 30 ಮಾರ್ಕನ್ನ ಸಮ ಹಂಚ್ತೀನಿ, ಪ್ಲಾನಿಂಗ್‌ಗೆ 15, ಡಾಟಾಗೆ 15. ಕೀ ಉತ್ತರ ಮೊದ್ಲೇ ಬರೆದಿಡಿ, ಆದ್ರೆ ಮೊದಲ ಐದು ಪೇಪರ್ ನೋಡಿದ್ಮೇಲೆ ಅದನ್ನ ತಿದ್ದೋಕೆ ತಯಾರಿರಿ. ಒಂದು ಕಡೆ ಲೆಕ್ಕ ತಪ್ಪಿ, ಆ ತಪ್ಪು ನಂಬರನ್ನೇ ಮುಂದೆ ಸರಿಯಾಗಿ ಉಪಯೋಗ್ಸಿದ್ರೆ ಒಂದೇ ಸಲ ಕಟ್ ಮಾಡಿ, ಪ್ರತಿ ಲೈನ್‌ಗೂ ಮಾಡ್ಬೇಡಿ. ಆಗೋದಾದ್ರೆ ಬೇರೆ ಕಾಲೇಜಿನ ಫ್ರೆಂಡ್ ಒಬ್ಬರ ಕೈಯಲ್ಲಿ ಹತ್ತು ಪೇಪರ್ ಮತ್ತೊಮ್ಮೆ ನೋಡ್ಸಿ. ನಾನು ಸಿರಸಿಯ ಗೆಳೆಯರೊಬ್ಬರಿಗೆ ಕಳಿಸ್ತೀನಿ, ಅವ್ರು ನನ್ನಷ್ಟು ಧಾರಾಳಿ ಅಲ್ಲ. ಎಲ್ಲಿ ಮೂರು ಮಾರ್ಕಿಗಿಂತ ಜಾಸ್ತಿ ವ್ಯತ್ಯಾಸ ಬರ್ತದೋ ಅಲ್ಲಿ ತಪ್ಪು ಮಕ್ಕಳದ್ದಲ್ಲ, ನನ್ನ ಪ್ರಶ್ನೆದು.

ಕೀ ತಿದ್ದೋದು ಅಂದೆ ಅಲ್ಲ, ಅದಕ್ಕೆ ಒಂದು ಉದಾಹರಣೆ. ಹೋದ ಸಲ ಮುರುಗಲು ಪಾನಕದಲ್ಲಿ ಆ್ಯಸಿಡ್ ಎಷ್ಟಿದೆ ಅಂತ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಕಂಡುಹಿಡಿಯೋ ಪ್ಲಾನ್ ಕೇಳಿದ್ದೆ. ಅದ್ರಲ್ಲಿ ಗುಂಡಿ ಇದೆ: ಮುರುಗಲಿನ ರಸನೇ ಕಡು ಕೆಂಪು, ಕ್ಷಾರ ಸೇರ್ತಾ ಹೋದ ಹಾಗೆ ಆ ಬಣ್ಣವೇ ಬದಲಾಗ್ತದೆ, ಫಿನಾಲ್ಫ್ಥಲೀನ್ ಇಂಡಿಕೇಟರ್‌ನ (ಕ್ಷಾರ ಬಂದ್ರೆ ಬಣ್ಣ ತೋರ್ಸೋದು) ಗುಲಾಬಿ ಅದ್ರ ಮಧ್ಯ ಎಲ್ಲಿ ಕಾಣ್ಬೇಕು? ನನ್ನ ಕೀಯಲ್ಲಿ ಎರಡು ದಾರಿ ಇತ್ತು, ಬಣ್ಣ ಮಾಸೋವರೆಗೆ ರಸನ ತೆಳು ಮಾಡೋದು, ಇಲ್ಲಾಂದ್ರೆ ಇಂಡಿಕೇಟರ್ ಬಿಟ್ಟು ಪಿಎಚ್ ಮೀಟರ್ ಇಟ್ಟು ಗ್ರಾಫ್ ಹಾಕೋದು. ಸಿದ್ದಾಪುರ ಕಡೆ ಹುಡುಗಿ ಒಬ್ಳು ಮೂರನೇದು ಬರೆದಿದ್ಲು: ಬಿಳಿ ಮುರುಗಲು ತಗೊಳ್ಳೋದು, ಅದ್ರ ರಸಕ್ಕೆ ಕೆಂಪು ಬಣ್ಣ ಇಲ್ಲ. ನನಗೆ ಹೊಳೆದೇ ಇರ್ಲಿಲ್ಲ, ಬಿಳಿ ಮುರುಗಲು ಕುಡ್ಕೊಂಡೇ ಬೆಳೆದವ್ನು ನಾನು. ಖುಷಿಯಲ್ಲಿ ಫುಲ್ ಮಾರ್ಕ್ ಹಾಕಿ ಕ್ಲಾಸಲ್ಲಿ ಓದಿ ಹೇಳಿದೆ. ಹಿಂದಿನ ಬೆಂಚಿಂದ ಒಬ್ಬ ಕೈ ಎತ್ತಿದ, "ಸರ್, ಪ್ರಶ್ನೆ ಕೆಂಪು ಮುರುಗಲಿಂದು, ಬಿಳಿದ್ರಲ್ಲಿ ಆ್ಯಸಿಡ್ ಅಷ್ಟೇ ಇರ್ತದೆ ಅಂತ ಯಾರು ಹೇಳಿದ್ದು?" ಅಂದ.

ಹುಡುಗಿ ಮಾರ್ಕ್ ಕಟ್ ಮಾಡ್ಲಿಲ್ಲ. ಹುಡುಗನ ಪೇಪರ್ ವಾಪಸ್ ತರ್ಸಿ ಅದಕ್ಕೂ ಒಂದು ಸೇರಿಸ್ದೆ. ಸಿರಸಿಯ ಗೆಳೆಯರು ಎರಡಕ್ಕೂ ಒಪ್ಪಿಲ್ಲ, ಮುಂದಿನ ಸೀಸನ್‌ಗೆ ಎರಡೂ ಹಣ್ಣು ತರ್ಸಿ ಟೈಟ್ರೇಟ್ ಮಾಡಿ ನೋಡಣ ಅಂದಿದ್ದಾರೆ.